ಮೇಲೆ ಸಿಕ್ಕಿಕೊಂಡವರನ್ನು ಕೆಳಗೆ ತರುವ ಲೆಕ್ಕ

2024ರ ಜೂನ್‌ನಲ್ಲಿ ಎಂಟು ದಿನಕ್ಕೆಂದು ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ನೌಕೆ ಕೆಟ್ಟು ತಿಂಗಳುಗಟ್ಟಲೆ ಮೇಲೇ ಉಳಿದಾಗ, ಬಳ್ಳಾರಿ–ಕೊಪ್ಪಳದ ಒಗ್ಗರಣೆ-ಮಿರ್ಚಿ ಅಂಗಡಿಗಳಲ್ಲೂ ಒಂದೇ ಪ್ರಶ್ನೆ: ಇನ್ನೊಂದು ರಾಕೆಟ್ ಕಳಿಸಿ ಕರಕೊಂಡು ಬರೋದಕ್ಕೇನು ಧಾಡಿ? ಪ್ರಶ್ನೆ ದಡ್ಡತನದ್ದಲ್ಲ. ಆದರೆ ತೊಡಕು ಇರುವುದು ರಾಕೆಟ್ಟಿನಲ್ಲಲ್ಲ. ಕೆಟ್ಟ ನೌಕೆ ಯಾವ ಕಕ್ಷೆಯಲ್ಲಿದೆ, ಒಳಗೆ ಎಷ್ಟು ದಿನದ ಗಾಳಿ ಉಳಿದಿದೆ, ಬಂದ ನೌಕೆಗೆ ಅದರ ಬಾಗಿಲು ಕೂಡುತ್ತದೆಯೇ, ಇವು ತೊಡಕು. ಇವೆಲ್ಲ ಅಪಘಾತದ ದಿನಕ್ಕಿಂತ ಬಹಳ ಮೊದಲೇ, ನಕ್ಷೆ ಬರೆಯುವ ಮೇಜಿನ ಮೇಲೇ ತೀರ್ಮಾನವಾಗಿರುತ್ತವೆ.

ಕಕ್ಷೆಯಿಂದ ಶುರು ಮಾಡೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವೇಗ ಸೆಕೆಂಡಿಗೆ ಸುಮಾರು 7.66 ಕಿ.ಮೀ. ರಾಯಚೂರಿಗೂ ಬಳ್ಳಾರಿಗೂ ನಡುವೆ ಕಾಗೆ ಹಾರಿದಷ್ಟು ನೇರ ದೂರ 125 ಕಿ.ಮೀ. ಆಸುಪಾಸು, ಅಷ್ಟನ್ನು ಅದು 17 ಸೆಕೆಂಡಿನೊಳಗೆ ದಾಟುತ್ತದೆ. ಸಮಭಾಜಕಕ್ಕೆ ಅದರ ಕಕ್ಷೆಯ ವಾಲಿಕೆ 51.6 ಡಿಗ್ರಿ. ಒಂದು ಸುತ್ತಿಗೆ 93 ನಿಮಿಷ. ಅಷ್ಟರಲ್ಲಿ ಭೂಮಿ ಕೆಳಗೆ 23 ಡಿಗ್ರಿ ತಿರುಗಿರುವುದರಿಂದ, ಈಗ ಬಳ್ಳಾರಿ ಗುಡ್ಡದ ನೆತ್ತಿಯ ಮೇಲೆ ಹೋದ ನಿಲ್ದಾಣ ಮುಂದಿನ ಸುತ್ತಿನಲ್ಲಿ ಇದೇ ಅಕ್ಷಾಂಶ ದಾಟುವುದು ಯೆಮನ್–ಒಮಾನ್ ಕಡೆಯ ಅರಬ್ಬಿ ಸಮುದ್ರದ ಮೇಲೆ. ಉಡಾವಣೆಗೆ ಕಾಯಬೇಕಾಗುವುದು ಇದಕ್ಕೇ. ಉಡಾವಣಾ ಕೇಂದ್ರ ಆ ಕಕ್ಷೆಯ ತಲದ ಕೆಳಗೆ ಬರುವ ಕೆಲವೇ ನಿಮಿಷಗಳಲ್ಲಿ ರಾಕೆಟ್ ಹೊರಡಬೇಕು. ತಪ್ಪಿದರೆ ಸಾಮಾನ್ಯವಾಗಿ ಮರುದಿನವೇ.

ಈಗ ಎರಡು ನೌಕೆಗಳು ಒಂದೇ ಎತ್ತರದಲ್ಲಿ, ಒಂದೇ ಕ್ಷಣದಲ್ಲಿ ಬಳ್ಳಾರಿ ಗುಡ್ಡದ ಮೇಲೆ ಈಶಾನ್ಯಕ್ಕೆ ಹೊರಟಿವೆ ಎಂದುಕೊಳ್ಳಿ. ಒಂದರ ವಾಲಿಕೆ 51.6 ಡಿಗ್ರಿ, ಇನ್ನೊಂದರದು 39. ಕೈಗೆ ಸಿಗುವಷ್ಟು ಹತ್ತಿರವಿದ್ದರೂ ಅವುಗಳ ದಾರಿಯ ನಡುವೆ ಹದಿಮೂರೂವರೆ ಡಿಗ್ರಿ ಕೋನವಿದೆ. ಅಂದರೆ ಸೆಕೆಂಡಿಗೆ 1.8 ಕಿ.ಮೀ. ವೇಗದಲ್ಲಿ ಒಂದನ್ನೊಂದು ಬಿಟ್ಟು ದೂರ ಸರಿಯುತ್ತವೆ. ಬಂದೂಕಿನ ಗುಂಡಿಗೂ ಅಷ್ಟು ವೇಗವಿಲ್ಲ.

ಈ 39 ಸುಮ್ಮನೆ ಆರಿಸಿಕೊಂಡ ಅಂಕಿಯಲ್ಲ. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇದ್ದ ಕೊಲಂಬಿಯಾ ಷಟಲ್‌ನ ವಾಲಿಕೆ ಅದು. 2003ರ ಜನವರಿ 16ರಂದು, ಹೊರಟು 82 ಸೆಕೆಂಡು ತುಂಬುವ ಹೊತ್ತಿಗೆ, ಹೊರಗಿನ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡರೆಕ್ಕೆಯ ಮುಂಚೂಣಿ ಅಂಚಿಗೆ ಬಡಿಯಿತು. ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಯಿತು. ನಿಲ್ದಾಣಕ್ಕೆ ಹೋಗಿ ಆಶ್ರಯ ಪಡೆಯಬಹುದಿತ್ತಲ್ಲ ಎಂದು ಆಗ ಕೇಳದವರಿಲ್ಲ. ಎತ್ತರದ ವ್ಯತ್ಯಾಸ ನೂರು ಚಿಲ್ಲರೆ ಕಿ.ಮೀ.; ಅದನ್ನು ಏರಲು ವೇಗದಲ್ಲಿ ಸೆಕೆಂಡಿಗೆ ಅರವತ್ತೆಪ್ಪತ್ತು ಮೀಟರ್ ಬದಲಾವಣೆ ಸಾಕು. ಆದರೆ ವಾಲಿಕೆ ಬದಲಿಸಲು ಕನಿಷ್ಠ 1,700 ಮೀಟರ್ ಬೇಕು. ಷಟಲ್‌ನ ಕಕ್ಷಾ ಎಂಜಿನ್ನುಗಳ ಪೂರ್ತಿ ಇಂಧನದ ತಾಕತ್ತೇ 300 ಮೀಟರ್ ಸುಮಾರು. ಪ್ರಶ್ನೆ ಅಲ್ಲಿಗೇ ಮುಗಿಯಿತು.

ಉಳಿದದ್ದು ಇನ್ನೊಂದು ಷಟಲ್. ಮಾರ್ಚ್ 1ಕ್ಕೆ ಹೊರಡಬೇಕಿದ್ದ ಅಟ್ಲಾಂಟಿಸ್ ಫ್ಲೋರಿಡಾದಲ್ಲಿ ಸಿದ್ಧವಾಗುತ್ತಿತ್ತು. ಹಗಲು-ರಾತ್ರಿ ಪಾಳಿಯಲ್ಲಿ ದುಡಿದು, ಕೆಲವು ಪರೀಕ್ಷೆಗಳನ್ನು ಬಿಟ್ಟಿದ್ದರೆ ಅದನ್ನು ಫೆಬ್ರವರಿ 10ರ ಹೊತ್ತಿಗೆ ಹಾರಿಸಬಹುದಿತ್ತು ಎಂದು ತನಿಖಾ ಮಂಡಳಿ ಲೆಕ್ಕ ಹಾಕಿತು. ಕೊಲಂಬಿಯಾದಲ್ಲಿ ಉಸಿರು ಉಳಿಯುತ್ತಿದ್ದುದು 30ನೇ ದಿನದವರೆಗೆ, ಅಂದರೆ ಫೆಬ್ರವರಿ 15. ನಡುವೆ ಐದೇ ದಿನ. ಅದೂ ಹಾನಿ ಎಷ್ಟೆಂದು ಮೊದಲ ಕೆಲವು ದಿನಗಳಲ್ಲೇ ಗೊತ್ತಾಗಿ, ಸಿಬ್ಬಂದಿ ಪ್ರಯೋಗಗಳನ್ನೆಲ್ಲ ನಿಲ್ಲಿಸಿ ಮಲಗಿಬಿಟ್ಟಿದ್ದರೆ ಮಾತ್ರ.

ಈ 30 ದಿನದ ಗಡಿ ಆಮ್ಲಜನಕದ್ದಲ್ಲ. ಮುಚ್ಚಿದ ಕೋಣೆಯಲ್ಲಿ ಮನುಷ್ಯನಿಗೆ ಮೊದಲು ಕುತ್ತಾಗುವುದು ತಾನೇ ಬಿಟ್ಟ ಉಸಿರು. ಒಬ್ಬರು ದಿನಕ್ಕೆ 0.84 ಕೆ.ಜಿ. ಆಮ್ಲಜನಕ ಎಳೆದು, ಹತ್ತಿರ ಹತ್ತಿರ ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅದನ್ನು ಹೀರಲು ಡಬ್ಬಿಗಳಲ್ಲಿ ಲೀಥಿಯಂ ಹೈಡ್ರಾಕ್ಸೈಡ್ ತುಂಬಿಟ್ಟಿರುತ್ತಾರೆ. ಒಂದು ಕೆ.ಜಿ. ಅನಿಲಕ್ಕೆ 1.09 ಕೆ.ಜಿ. ಹೈಡ್ರಾಕ್ಸೈಡ್ ತೀರುತ್ತದೆ, ಮತ್ತೆ ಬಳಸಲು ಬರುವುದಿಲ್ಲ. ಹೊರಗಿನ ಗಾಳಿಯಲ್ಲಿ ಶೇ. 0.04 ಇರುವ ಈ ಅನಿಲ ಶೇ. 2 ಮುಟ್ಟಿದರೆ ತಲೆನೋವು, 5 ದಾಟಿದರೆ ತಲೆಸುತ್ತು, ಗೊಂದಲ. ನೌಕೆ ನಡೆಸುವವರ ಬುದ್ಧಿಗೇ ಮಂಕು ಕವಿಯುತ್ತದೆ.

1970ರ ಏಪ್ರಿಲ್‌ನಲ್ಲಿ ಅಪೋಲೊ 13ರ ಆಮ್ಲಜನಕ ಟ್ಯಾಂಕ್ ಸಿಡಿದಾಗಲೂ ಇದೇ ಕಥೆ. ಇಬ್ಬರಿಗೆಂದು ಮಾಡಿದ ಚಂದ್ರನೌಕೆಯಲ್ಲಿ ಮೂವರು ಕೂತರು. ಅದರ ಡಬ್ಬಿಗಳು ದುಂಡು, ಮುಖ್ಯ ನೌಕೆಯಲ್ಲಿ ಮಿಕ್ಕಿದ್ದವು ಚೌಕ. ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಗಗನ ಉಡುಪಿನ ಕೊಳವೆ, ಅಂಟುಪಟ್ಟಿ ಸೇರಿಸಿ ಚೌಕವನ್ನು ದುಂಡಿಗೆ ಜೋಡಿಸುವ ಕ್ರಮವನ್ನು ಹ್ಯೂಸ್ಟನ್‌ನಿಂದ ಓದಿ ಹೇಳಿದರು. ಒಂದೇ ಯಾನದ ಎರಡು ನೌಕೆಗಳಿಗೆ ಒಂದೇ ಅಳತೆಯ ಡಬ್ಬಿ ಇರಲಿಲ್ಲ ಎಂಬುದನ್ನು ಈಗಲೂ ನಂಬುವುದು ಕಷ್ಟ.

ಬಾಗಿಲುಗಳ ಪಾಡೂ ಅಷ್ಟೇ. ಹುಬ್ಬಳ್ಳಿ–ಗುಂತಕಲ್ ಮಾರ್ಗ ಮೀಟರ್ ಗೇಜ್ ಇದ್ದಾಗ ಬಳ್ಳಾರಿಯಿಂದ ಮದರಾಸಿಗೆ ಹೊರಟವರು ಗುಂತಕಲ್ಲಿನಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು. 1975ರಲ್ಲಿ ಅಪೋಲೊ ಮತ್ತು ಸೋಯುಜ್ ಕೂಡಿಕೊಂಡಾಗಲೂ ನಡುವೆ ಅಂಥದೊಂದು ಕೋಣೆಯನ್ನೇ ಕಟ್ಟಬೇಕಾಯಿತು. ಏಕೆಂದರೆ ಒಂದರಲ್ಲಿ ಭೂಮಿಯ ಮೂರನೇ ಒಂದರಷ್ಟು ಒತ್ತಡದ ಶುದ್ಧ ಆಮ್ಲಜನಕ, ಇನ್ನೊಂದರಲ್ಲಿ ನಮ್ಮ ಮಾಮೂಲಿ ಗಾಳಿ. ಕೊಲಂಬಿಯಾಕ್ಕೆ ಆ ಯಾನದಲ್ಲಿ ಕೂಡುಬಾಗಿಲೇ ಇರಲಿಲ್ಲ. ಅಟ್ಲಾಂಟಿಸ್ ಹೋಗಿದ್ದರೂ ಎರಡೂ ನೌಕೆಗಳು ಸರಕುಕೋಣೆ ಎದುರುಬದುರಾಗಿ, ಮುಟ್ಟದೆ, ಗಂಟೆಗಟ್ಟಲೆ ಜೊತೆಗೆ ಹಾರಬೇಕಿತ್ತು. ಕೊಲಂಬಿಯಾದಲ್ಲಿದ್ದ ಹೊರನಡಿಗೆಯ ಉಡುಪು ಎರಡೇ, ಜನ ಏಳು. ಇಬ್ಬಿಬ್ಬರಂತೆ ಉಡುಪು ತೊಡಿಸಿ, ದಾಟಿಸಿ, ಖಾಲಿ ಉಡುಪು ಮತ್ತೆ ತರಬೇಕು. ಜೊತೆಗೆ, ಕೊಲಂಬಿಯಾವನ್ನು ಕೆಡಿಸಿದ ಫೋಮ್ ದೋಷ ಅಟ್ಲಾಂಟಿಸ್‌ನಲ್ಲೂ ಹಾಗೇ ಇತ್ತು. ನನ್ನ ಮಟ್ಟಿಗೆ ಆ ಯೋಜನೆಯ ನಿಜವಾದ ಹೆದರಿಕೆ ಅದೇ.

ಅನಂತರ ಪಾಠ ಕಲಿತರು. 2009ರ ಮೇನಲ್ಲಿ ಹಬಲ್ ದೂರದರ್ಶಕದ ದುರಸ್ತಿಗೆ ಅಟ್ಲಾಂಟಿಸ್ ಹೋದಾಗ, ವಾಲಿಕೆ 28.5 ಡಿಗ್ರಿಯಾದ್ದರಿಂದ ನಿಲ್ದಾಣದ ಆಸರೆ ಇರಲಿಲ್ಲ. ಪಕ್ಕದ ಉಡಾವಣಾ ಕಟ್ಟೆಯ ಮೇಲೆ ಎಂಡೆವರ್ ಸಜ್ಜಾಗಿ ನಿಂತಿತ್ತು.

ಸತ್ತ ನೌಕೆ ಗಿರಕಿ ಹೊಡೆಯುತ್ತಿದ್ದರೆ ಕೂಡುಬಾಗಿಲಿದ್ದೂ ಸುಖವಿಲ್ಲ. ರೇಡಿಯೊ ಸಂಕೇತ ಕಳಿಸದ ನೌಕೆಗೆ ಸ್ವಯಂಚಾಲಿತ ಜೋಡಣೆ ಕೆಲಸ ಮಾಡುವುದಿಲ್ಲ. 1985ರ ಜೂನ್‌ನಲ್ಲಿ ವಿದ್ಯುತ್ ಕಳೆದುಕೊಂಡು ಹೆಪ್ಪುಗಟ್ಟಿದ್ದ ಸಲ್ಯೂತ್-7 ನಿಲ್ದಾಣದ ಹತ್ತಿರಕ್ಕೆ ನೆಲದ ರಾಡಾರ್‌ಗಳು ದಾರಿ ತೋರಿಸಿದವು. ಕೊನೆಯ ಕೆಲವು ಕಿ.ಮೀ.ಗಳನ್ನು ಸೋವಿಯತ್ ಗಗನಯಾತ್ರಿ ಜಾನಿಬೆಕೋವ್ ಕಿಟಕಿಯಲ್ಲಿ ನೋಡುತ್ತ, ಕೈಯಲ್ಲಿ ಹಿಡಿಯುವ ಲೇಸರ್ ದೂರಮಾಪಕದಿಂದ ಅಳೆಯುತ್ತ ಕ್ರಮಿಸಿದರು. ಮನುಷ್ಯ ಕೈಯಾರೆ ಮಾಡಿದ ಜೋಡಣೆಗಳಲ್ಲಿ ಅದಕ್ಕೆ ಸಾಟಿಯಿಲ್ಲ.

ನಿಲ್ದಾಣವಿದ್ದರೆ ತುರ್ತು ತಗ್ಗುತ್ತದೆ, ಗಾಳಿ-ನೀರು ಇರುತ್ತದೆ. ಆಗ ಕೊರತೆ ಸೀಟಿನದು. 2022ರ ಡಿಸೆಂಬರ್‌ನಲ್ಲಿ ಸೋಯುಜ್ ಎಂಎಸ್-22ರ ತಂಪುಗೊಳಿಸುವ ಕೊಳವೆಗೆ 0.8 ಮಿ.ಮೀ. ತೂತಾಗಿ ದ್ರವವೆಲ್ಲ ಸೋರಿತು. ರಷ್ಯಾ ಮುಂದಿನ ನೌಕೆಯನ್ನು 2023ರ ಫೆಬ್ರವರಿಯಲ್ಲಿ ಖಾಲಿ ಕಳಿಸಿತು. ರಕ್ಷಿಸಲು ಹೋದವರೇ ಸೀಟು ಹಿಡಿದರೆ ಬರುವವರು ಎಲ್ಲಿ ಕೂರಬೇಕು? ಆ ನಡುವಿನ ತಿಂಗಳಲ್ಲಿ, ಎಂಎಸ್-22ರಲ್ಲಿ ಹೋಗಿದ್ದ ಅಮೆರಿಕದ ಫ್ರಾಂಕ್ ರುಬಿಯೊ ಅವರ ಮೈಯಳತೆಗೆ ಎರಕ ಹೊಯ್ದ ಸೀಟಿನ ಒಳಹಾಸನ್ನು ಪಕ್ಕದ ಡ್ರ್ಯಾಗನ್ ನೌಕೆಗೆ ಸಾಗಿಸಿಟ್ಟಿದ್ದರು. ನೆಲಕ್ಕಪ್ಪಳಿಸುವಾಗ ಬೆನ್ನುಮೂಳೆ ಕಾಯುವುದು ಆ ಒಳಹಾಸೇ. ಸುನೀತಾ ಮತ್ತು ವಿಲ್ಮೋರ್‌ರಿಗಾಗಿ 2024ರ ಸೆಪ್ಟೆಂಬರ್‌ನಲ್ಲಿ ಹೋದ ಡ್ರ್ಯಾಗನ್‌ನಲ್ಲೂ ನಾಲ್ವರ ಬದಲು ಇಬ್ಬರೇ ಇದ್ದರು. 286 ದಿನವಾದದ್ದು ರಾಕೆಟ್ ಇಲ್ಲದೆ ಅಲ್ಲ, ಆ ನೌಕೆಯ ಪಾಳಿ ಮುಗಿಯುವವರೆಗೆ ಕಾದದ್ದರಿಂದ. 2025ರ ನವೆಂಬರ್‌ನಲ್ಲಿ ಚೀನಾದ ಶೆಂಝೌ-20ರ ಕಿಟಕಿ ಬಿರುಕು ಬಿಟ್ಟಾಗ ಅದರ ಮೂವರು, ತಮ್ಮ ಜಾಗಕ್ಕೆ ಬಂದಿದ್ದ ಹೊಸಬರ ನೌಕೆ ಹತ್ತಿ ಇಳಿದರು. ಹೊಸಬರು ನವೆಂಬರ್ 14ರಿಂದ 25ರವರೆಗೆ ನಂಬಬಹುದಾದ ನೌಕೆಯಿಲ್ಲದೆ ಮೇಲಿದ್ದರು.

ಇಸ್ರೋದ ಗಗನಯಾನಕ್ಕೆ ಸದ್ಯ ನಿಲ್ದಾಣವೂ ಇಲ್ಲ, ಕಟ್ಟೆಯ ಮೇಲೆ ಕಾಯುವ ಎರಡನೇ ನೌಕೆಯೂ ಇಲ್ಲ. ಗಗಾರಿನ್‌ಗೆ ಹತ್ತು ದಿನದ ಊಟ ಕಟ್ಟಿಕೊಟ್ಟಿದ್ದರು. ಎಂಜಿನ್ ಕೈಕೊಟ್ಟರೆ ತಗ್ಗಿನ ಕಕ್ಷೆಯಲ್ಲಿ ಗಾಳಿಯ ತಿಕ್ಕಾಟದಿಂದ ನೌಕೆ ತಾನೇ ಇಳಿದೀತು ಎಂದು. ಗಗನಯಾನ ಹಾರಲಿರುವ 400 ಕಿ.ಮೀ. ಎತ್ತರದಲ್ಲಿ ಆ ಉಪಾಯ ನಡೆಯದು, ಇಳಿಯಲು ತಿಂಗಳುಗಳೇ ಬೇಕು. ಹಾಗಾಗಿ ನೌಕೆಯೇ ತನ್ನನ್ನು ಉಳಿಸಿಕೊಳ್ಳಬೇಕು. ಇಳಿಯಲು ವೇಗವನ್ನು ಸೆಕೆಂಡಿಗೆ ನೂರು ಮೀಟರ್‌ನಷ್ಟು ತಗ್ಗಿಸಿದರೆ ಸಾಕು. ಅದಕ್ಕೆ 440 ನ್ಯೂಟನ್‌ನ ಐದು ಎಂಜಿನ್, 100 ನ್ಯೂಟನ್‌ನ 16 ಥ್ರಸ್ಟರ್ ಇಟ್ಟಿದ್ದಾರೆ. ಸುಮಾರು ಎಂಟು ಟನ್ನಿನ ನೌಕೆಗೆ ಐದೂ ಎಂಜಿನ್ ಉರಿದರೆ ಆರು ನಿಮಿಷದ ಕೆಲಸ. ಒಂದೇ ಉಳಿದಿದ್ದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಅರ್ಧ ಗಂಟೆಯಲ್ಲಿ ನೌಕೆ ಭೂಮಿಯ ಮೂರನೇ ಒಂದು ಭಾಗ ಸುತ್ತಿರುತ್ತದೆ, ಇಳಿಯುವ ಜಾಗದ ಲೆಕ್ಕ ಕೆಡುತ್ತದೆ. ಅಂಥ ಹೊತ್ತಿನಲ್ಲಿ ಉರಿತವನ್ನು ಎರಡು-ಮೂರು ಸುತ್ತುಗಳಿಗೆ ಹಂಚಿ, ಹಡಗುಗಳು ಕಾಯುತ್ತಿರುವ ಸಮುದ್ರಕ್ಕೆ ಸರಿಯಾಗಿ ಕೊನೆಯ ಕಂತನ್ನು ಉರಿಸುವುದೇ ದಾರಿ.