ಲೆನ್ಸ್ ಕೆಟ್ಟಿಲ್ಲ, ಆ ಪುಟ್ಟ ಚಕ್ರ ತಿರುಗಿಸಿ

ಪಕ್ಕದ ಮನೆ ಮೇಷ್ಟ್ರು ಮೊನ್ನೆ ಕ್ಯಾಮೆರಾ ಹಿಡಿದು ಬಂದರು. "ಲೆನ್ಸ್ ಕೆಟ್ಟಿದೆ ಕಣಯ್ಯಾ, ಎಲ್ಲಾ ಮಂಜು ಮಂಜು" ಅಂದರು. ತೆಗೆದ ಫೋಟೊ ನೋಡಿದೆ. ರಂಗನತಿಟ್ಟಿನ ಕೊಕ್ಕರೆಯ ಒಂದೊಂದು ಗರಿಯೂ ಚೊಕ್ಕವಾಗಿತ್ತು! ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ಸ್ವಲ್ಪ ತಿರುಗಿಸಿ ಕೊಟ್ಟೆ. "ಅರೆ, ಕೆಳಗೆ 250 ಅಂತಿದೆ!" ಅಂದರು. ಅಲ್ಲಿರುವುದು ಅಂಕಿ ಅಂತಲೇ ಅವರಿಗೆ ತಿಳಿದಿರಲಿಲ್ಲ.

ಇದು ಡಯಾಪ್ಟರ್ ಚಕ್ರ. ಮುಟ್ಟಿದರೆ ಫೋಟೊದ ಫೋಕಸ್ ಹಾಳಾಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಸುಮ್ನೆ ಭಯ. ಅದು ಇರುವುದು ನಿಮ್ಮ ಕಣ್ಣಿಗೆ, ಫೋಟೊಗಲ್ಲ.

ದೂರದ್ದು ಕಾಣದವರಿಗೂ ಈ ಚಕ್ರ ಬೇಕು. ಕಿಂಡಿಯನ್ನು ಕಣ್ಣಿಗೆ ಒತ್ತಿಕೊಂಡು ನೋಡುವಾಗ ದೂರ ಎಲ್ಲಿಂದ ಬಂತು ಅಂತೀರಾ? ಒಳಗಿನ ಪರದೆ ಕಣ್ಣಿಗೆ ಕೆಲವೇ ಸೆಂಟಿಮೀಟರ್ ದೂರ. ಅಷ್ಟು ಹತ್ತಿರ ಯಾವ ಕಣ್ಣಿಗೂ ಸ್ಪಷ್ಟವಾಗಿ ಕಾಣದು. ಹಾಗಾಗಿ ಕಣ್ಣ ಮುಂದಿನ ಮಸೂರ ಆ ಬಿಂಬವನ್ನು ಸುಮಾರು ಒಂದು ಮೀಟರ್ ಆಚೆಗೆ ತಳ್ಳಿ ತೋರಿಸುತ್ತದೆ. ಬಾವಿ ಇಪ್ಪತ್ತೇ ಅಡಿ ಇದ್ದರೂ ಅದರೊಳಗೆ ಕಾಣುವ ಚಂದ್ರ ಆಕಾಶದ ಚಂದ್ರನಷ್ಟೇ ದೂರ, ಅಲ್ವಾ? ದೂರದ್ದು ಕಾಣದವರು ಕನ್ನಡಕ ತೆಗೆದು, ಕನ್ನಡಿಯನ್ನು ಮೂಗಿನ ಹತ್ತಿರವೇ ಹಿಡಿದು ಹಿಂದಿನ ತೆಂಗಿನಮರ ನೋಡಲಿ. ಮರ ಮಸುಕೇ! ಕಣ್ಣಿಗೆ ಲೆಕ್ಕ ಬಿಂಬದ ದೂರ, ಗಾಜಿನದ್ದಲ್ಲ.

ಕಣ್ಣಿನ ಪವರ್ ಮೈನಸ್ ಎರಡು ಅಂದರೆ ಅರ್ಧ ಮೀಟರ್ ಆಚೆಗೆಲ್ಲ ಮಸುಕು. ಒಂದನ್ನು ಎರಡರಿಂದ ಭಾಗಿಸಿ, ಅಷ್ಟೇ ಲೆಕ್ಕ. ಡಯಾಪ್ಟರ್ ಎಂಬ ಈ ಅಳತೆಯನ್ನು 1872ರಲ್ಲಿ ಸೂಚಿಸಿದವರು ಫ್ರಾನ್ಸಿನ ಕಣ್ಣಿನ ವೈದ್ಯ ಮೊನೊಯೆ. ಕನ್ನಡಕವಂತೂ ಹದಿಮೂರನೇ ಶತಮಾನದಿಂದಲೇ ಇತ್ತು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕೆಪ್ಲರ್ ಬಿಡಿಸಿ ಹೇಳಿದ್ದು 1604ರಲ್ಲಿ. ಮುನ್ನೂರು ವರ್ಷ ಜನ ಕಾರಣ ತಿಳಿಯದೆಯೇ ಹಾಕಿಕೊಂಡು ಓಡಾಡಿದರು! ಚಕ್ರ ಮೈನಸ್ ಕಡೆ ತಿರುಗಿದರೆ ಬಿಂಬ ಹತ್ತಿರ ಬರುತ್ತದೆ. ಮೇಷ್ಟ್ರಂತೆ ಚಾಳೀಸು ಬಂದವರಿಗೆ ಪ್ಲಸ್ ಕಡೆ ಬೇಕು, ಬಿಂಬ ದೂರ ಹೋಗಬೇಕು.

ತಿರುಗಿಸುವಾಗ ಮುಂದಿನ ದೃಶ್ಯ ನೋಡಬೇಡಿ. ಬೋಳು ಗೋಡೆಗೆ ಹಿಡಿದು ಅಂಕಿಗಳನ್ನು, ಫೋಕಸ್ ಚೌಕಗಳನ್ನು ಮಾತ್ರ ನೋಡಿ. ಮೊದಲು ಪ್ಲಸ್ ಕೊನೆಗೆ ಒಯ್ಯಿರಿ. ಅಲ್ಲಿಂದ ನಿಧಾನ ಹಿಂದೆ ಬನ್ನಿ, ಮೊದಲು ಚೊಕ್ಕವಾದಲ್ಲಿ ನಿಲ್ಲಿಸಿ. ಮೈನಸ್ ಕಡೆಯಿಂದ ಬಂದರೆ ಎಳೆಯ ಕಣ್ಣು ತಾನೇ ಬಿಗಿಹಿಡಿದು ಸ್ಪಷ್ಟ ಮಾಡಿಕೊಂಡುಬಿಡುತ್ತದೆ, ಆಮೇಲೆ ತಲೆನೋವು. ಕನ್ನಡಕ ಹಾಕಿಯೇ ಫೋಟೊ ತೆಗೆಯುವವರು ಹಾಕಿಕೊಂಡೇ ಹೊಂದಿಸಿ. ಸಿಲಿಂಡರ್ ಪವರ್, ಅಂದರೆ ಒಂದೇ ಕಣ್ಣಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಪವರ್ ಇದ್ದವರಿಗೆ ಚಕ್ರವೊಂದೇ ಸಾಲದು.

ಮರುದಿನ ಮೇಷ್ಟ್ರ ಮಗಳು ಅದೇ ಕ್ಯಾಮೆರಾ ತಂದಳು. ಈಗ ಮಂಜು ಅವಳಿಗೆ. ಚಕ್ರದ ಪಕ್ಕ ವೈಟ್ನರ್‌ನಲ್ಲಿ ಎರಡು ಚುಕ್ಕೆ ಇಟ್ಟುಕೊಟ್ಟೆ, ಅಪ್ಪನಿಗೊಂದು, ಮಗಳಿಗೊಂದು.