ಪೆಡಲ್ ಕೆಟ್ಟಿಲ್ಲ, ಕಾಲು ತೆಗೆಯಿರಿ

ಫೋನ್ ಎತ್ತಿದ ಕೂಡಲೇ ಮುಂದಿನ ಮಾತು ಏನೆಂದು ನನಗೆ ಗೊತ್ತಿರುತ್ತದೆ. "ಸರ್, ಹೊಸ ಸಸ್ಟೇನ್ ಪೆಡಲ್ ತಗೊಂಡೆ, ಬಂದಿದ್ದೇ ಡಿಫೆಕ್ಟ್ ಪೀಸು. ಒತ್ತಿದ್ರೆ ಸ್ವರ ಕಟ್ ಆಗತ್ತೆ, ಬಿಟ್ರೆ ಎಳೀತಾನೇ ಇರತ್ತೆ." ನಾನು ಕೇಳುವ ಪ್ರಶ್ನೆಯೂ ಪ್ರತಿಸಲ ಒಂದೇ. "ಕೀಬೋರ್ಡ್ ಆನ್ ಮಾಡುವಾಗ ನಿಮ್ಮ ಕಾಲು ಎಲ್ಲಿತ್ತು?" ಆಮೇಲೆ ಒಂದು ಮೌನ. ಪೆಡಲ್ ಬಗ್ಗೆ ಕೇಳಿದರೆ ಈ ಮನುಷ್ಯ ನನ್ನ ಕಾಲಿನ ಸಮಾಚಾರ ಯಾಕೆ ವಿಚಾರಿಸುತ್ತಾನೆ ಎನ್ನುವ ಮೌನ.

ನಾನು ಕೀಬೋರ್ಡ್ ರಿಪೇರಿ ಮಾಡುತ್ತೇನೆ, ಸಂಜೆ ಹೊತ್ತು ಪಾಠವನ್ನೂ ಹೇಳುತ್ತೇನೆ. ಎರಡೂ ಕಡೆಯಿಂದ ಈ ಪೆಡಲ್ ನನ್ನನ್ನು ಕಾಡುತ್ತದೆ. ಒತ್ತಿದಾಗ ಸ್ವರ ಎಳೆಯಬೇಕು, ಬಿಟ್ಟಾಗ ನಿಲ್ಲಬೇಕು, ಇದರ ಕೆಲಸ ಇಷ್ಟೇ. ಕೆಟ್ಟಿದೆ ಎಂದು ನನ್ನ ಮೇಜಿಗೆ ಬರುವ ಪೆಡಲ್‌ಗಳಲ್ಲಿ ನಿಜಕ್ಕೂ ಕೆಟ್ಟಿರುವುದು ಸ್ವಲ್ಪವೇ. ಉಳಿದವು ಉಲ್ಟಾ ಕೆಲಸ ಮಾಡುತ್ತಿರುತ್ತವೆ, ಅಷ್ಟೆ. ಮೊದಲನೆಯದನ್ನು ವಾಪಸ್ ಕಳಿಸಿ, ಇನ್ನೊಂದು ತರಿಸಿ, ಅದೂ ಹಾಗೇ ಆಡಿದಾಗ ಕೀಬೋರ್ಡಿಗೇ ಶಾಪ ಹಾಕಿ, ಕೊನೆಗೆ ಬೇಡದ ದುಬಾರಿ ಪೆಡಲ್ ಕೊಂಡವರನ್ನು ನೋಡಿ ನೋಡಿ ಸಾಕಾಗಿದೆ.

ಕೊಳ್ಳುವ ಮುನ್ನ ಕೇಳುವ ಪ್ರಶ್ನೆಯೂ ಸೊಗಸಾಗಿರುತ್ತದೆ. "ಕಡಿಮೆ ಬೆಲೆಯದ್ದರಲ್ಲಿ ಸೌಂಡ್ ಕ್ವಾಲಿಟಿ ಬರುತ್ತಾ ಸರ್?" ಸ್ವಾಮಿ, ಪೆಡಲ್‌ಗೆ ಸೌಂಡೇ ಇಲ್ಲ. ಸಾಮಾನ್ಯ ಸಸ್ಟೇನ್ ಪೆಡಲ್ ಅಂದರೆ ಕಾಲಲ್ಲಿ ಒತ್ತುವ ಸ್ವಿಚ್ಚು. ಬಿಚ್ಚಿದರೆ ಒಂದು ಸ್ಪ್ರಿಂಗು, ಒಂದು ಪುಟ್ಟ ಸ್ವಿಚ್ಚು, ಎರಡು ವೈರು. ವೈರಿನ ತುದಿಗೆ 6.35 ಮಿಲಿಮೀಟರ್ ದಪ್ಪದ ಪಿನ್ನು. ಪಿಯಾನೋದಲ್ಲಾದರೆ ಪೆಡಲ್ ಒತ್ತಿದಾಗ ತಂತಿಗಳ ಮೇಲೆ ಕೂತು ಅವನ್ನು ಸುಮ್ಮನಿರಿಸುವ ಮೆತ್ತೆಗಳು, ಅಂದರೆ ಡ್ಯಾಂಪರ್‌ಗಳು, ಒಟ್ಟಿಗೆ ಮೇಲೇಳುತ್ತವೆ, ತಂತಿ ತನ್ನ ಪಾಡಿಗೆ ಕಂಪಿಸುತ್ತಿರುತ್ತದೆ. ಡಿಜಿಟಲ್ ಕೀಬೋರ್ಡಿನಲ್ಲಿ ಕಾಲು ಕೆಳಗಿದೆಯೋ ಮೇಲಿದೆಯೋ ಎಂಬ ಸುದ್ದಿಯಷ್ಟೇ ವೈರಿನಲ್ಲಿ ಹೋಗುತ್ತದೆ. ಸ್ವರ ಎಳೆಯುವುದು, ನಿಲ್ಲಿಸುವುದು ಎಲ್ಲ ಕೀಬೋರ್ಡಿನ ಕೆಲಸ.

ಈಗ ನನ್ನ ಗೋಳಿಗೆ ಬರುತ್ತೇನೆ. ಸ್ವಿಚ್ಚುಗಳಲ್ಲಿ ಎರಡು ಜಾತಿ. ಕಾಲಿಂಗ್ ಬೆಲ್ಲಿನ ಗುಂಡಿಯನ್ನು ನೆನೆಸಿಕೊಳ್ಳಿ. ಒತ್ತಿದಾಗ ವೈರುಗಳು ಕೂಡುತ್ತವೆ, ಬಿಟ್ಟಾಗ ಬೇರೆಯಾಗುತ್ತವೆ. ಇನ್ನೊಂದು, ಫ್ರಿಜ್ಜಿನ ಬಾಗಿಲ ಸಂದಿಯಲ್ಲಿರುವ ಗುಂಡಿ. ಬಾಗಿಲು ಹಾಕಿದಾಗ ಅದು ಒತ್ತಿಕೊಳ್ಳುತ್ತದೆ, ವೈರು ಬಿಟ್ಟುಕೊಳ್ಳುತ್ತದೆ, ಒಳಗಿನ ದೀಪ ಆರುತ್ತದೆ. ಬಾಗಿಲು ತೆಗೆದರೆ ಗುಂಡಿ ಹೊರಗೆ ಬಂದು ವೈರು ಕೂಡುತ್ತದೆ, ದೀಪ ಹತ್ತುತ್ತದೆ. ಬೆಲ್ಲಿನ ಗುಂಡಿಯೂ ಸರಿ, ಫ್ರಿಜ್ಜಿನ ಗುಂಡಿಯೂ ಸರಿ. ಫ್ರಿಜ್ಜಿನದನ್ನು ತಂದು ಬೆಲ್ಲಿಗೆ ಹಾಕಿದರೆ ಮಾತ್ರ ಬೆಲ್ಲು ದಿನವಿಡೀ ಬಡಿದುಕೊಳ್ಳುತ್ತದೆ, ಯಾರಾದರೂ ಬಂದು ಒತ್ತಿದಾಗ ಸುಮ್ಮನಾಗುತ್ತದೆ. ಫೋನಿನಲ್ಲಿ ಕೇಳುವ ದೂರು ಇದೇ ತಾನೆ?

ಪೆಡಲ್‌ಗಳಲ್ಲೂ ಈ ಎರಡು ಜಾತಿ ಇವೆ. ಬೆಲ್ ಜಾತಿಯದನ್ನು ನಾರ್ಮಲಿ ಓಪನ್ ಅನ್ನುತ್ತೇವೆ, ಫ್ರಿಜ್ ಜಾತಿಯದನ್ನು ನಾರ್ಮಲಿ ಕ್ಲೋಸ್ಡ್. ಯಮಹಾದ ಎಫ್‌ಸಿ5 ಫ್ರಿಜ್ ಜಾತಿ. ಬೇರೆಯವರ ಎಷ್ಟೋ ಪೆಡಲ್‌ಗಳು ಬೆಲ್ ಜಾತಿ. ಯಾವುದು ಮೇಲು ಯಾವುದು ಕೀಳು ಎಂಬ ಮಾತಿಲ್ಲ. ಒಬ್ಬೊಬ್ಬ ತಯಾರಕರು ಒಂದೊಂದು ದಾರಿ ಹಿಡಿದರು, ಹಾಗೇ ಉಳಿಯಿತು. ಪಿನ್ನು ಮಾತ್ರ ಹೆಚ್ಚಿನವಕ್ಕೆ ಒಂದೇ ಅಳತೆ, ಹೆಚ್ಚಿನ ತೂತುಗಳಿಗೆ ಸಲೀಸಾಗಿ ಹೋಗುತ್ತದೆ. ಮೋಸ ಹೋಗುವುದು ಅಲ್ಲೇ.

ಹಾಗಾದರೆ ಬೇರೆ ಕಂಪನಿಯ ಪೆಡಲ್ ಕೊಳ್ಳಲೇಬಾರದಾ? ಕೊಳ್ಳಬಹುದು. ಈಗಿನ ಬಹಳಷ್ಟು ಕೀಬೋರ್ಡುಗಳು ಪೆಡಲ್ ಯಾವ ಜಾತಿಯದು ಎಂದು ತಾವೇ ಪತ್ತೆ ಮಾಡುತ್ತವೆ. ಹೇಗೆ ಎಂದರೆ, ಆನ್ ಆಗುವ ಕ್ಷಣದಲ್ಲಿ ಕೀಬೋರ್ಡ್ ಪೆಡಲ್ ಸಾಕೆಟ್ಟಿನ ಕಡೆ ಒಮ್ಮೆ ನೋಡುತ್ತದೆ. ಆಗ ವೈರುಗಳು ಕೂಡಿವೆಯೋ ಬಿಟ್ಟಿವೆಯೋ, ಏನು ಕಂಡಿತೋ ಅದನ್ನೇ "ಕಾಲು ಇಟ್ಟಿಲ್ಲದ ಸ್ಥಿತಿ" ಎಂದು ನಂಬಿಬಿಡುತ್ತದೆ. ಆಫ್ ಮಾಡುವ ತನಕ ಆ ನಂಬಿಕೆ ಬದಲಾಗುವುದಿಲ್ಲ. ಆ ಹೊತ್ತಿಗೆ ನಿಮ್ಮ ಪಾದ ಪೆಡಲ್ ಮೇಲಿದ್ದರೆ? ಒತ್ತಿರುವುದನ್ನೇ ಒತ್ತಿಲ್ಲ ಎಂದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಲ್ಲ ಉಲ್ಟಾ. ಕೀಬೋರ್ಡ್ ಆನ್ ಆದ ಮೇಲೆ ಪೆಡಲ್ ಚುಚ್ಚಿದರೂ ಇದೇ ಪಾಡಾಗಬಹುದು: ಖಾಲಿ ಸಾಕೆಟ್ ನೋಡಿ ಅದು ಆಗಲೇ ತೀರ್ಮಾನ ಮಾಡಿಯಾಗಿರುತ್ತದೆ, ನೀವು ಫ್ರಿಜ್ ಜಾತಿಯದನ್ನು ತಂದು ಸಿಕ್ಕಿಸಿದರೆ ಯಾರೋ ಒತ್ತಿದರು ಅಂದುಕೊಳ್ಳುತ್ತದೆ.

ಆದ್ದರಿಂದ ಕೀಬೋರ್ಡ್ ಆಫ್ ಇರುವಾಗಲೇ ಪೆಡಲ್ ಚುಚ್ಚಿ. ಕಾಲು ನೆಲದ ಮೇಲಿಡಿ. ಆಮೇಲೆ ಆನ್ ಮಾಡಿ. ಇನ್ನೊಮ್ಮೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಹತ್ತು ಸಲ ಹೇಳಿದರೂ ಹನ್ನೊಂದನೇ ಫೋನ್ ಬಂದೇ ಬರುತ್ತದೆ: ಆಫ್ ಇರುವಾಗ ಚುಚ್ಚಿ, ಕಾಲು ನೆಲದ ಮೇಲೆ, ಆಮೇಲೆ ಆನ್.

ಒಬ್ಬರು ಮಗಳಿಗಾಗಿ ಮೂರು ಪೆಡಲ್ ಬದಲಾಯಿಸಿದ್ದರು. ಮೂರನೆಯದನ್ನು ಹಿಡಿದು ನನ್ನ ಹತ್ತಿರ ಬಂದಾಗ ಮುಖ ಸೋತುಹೋಗಿತ್ತು. ಅವರು ಪರೀಕ್ಷೆ ಮಾಡಿದರೆ ಸರಿಯಾಗಿ ನಡೆಯುತ್ತದೆ, ಮಗಳು ಕೂತರೆ ಉಲ್ಟಾ. "ಇವಳ ಕೈಗುಣವೋ ಏನೋ ಸರ್" ಅಂದರು, ಅರ್ಧ ತಮಾಷೆ, ಅರ್ಧ ನಿಜ. ನಾನು ಮಲ್ಟಿಮೀಟರ್ ತೆಗೆದು ಬೀಪ್ ಆಗುವ ಕಡೆ ತಿರುಗಿಸಿದೆ. ಒಂದು ಕಡ್ಡಿಯನ್ನು ಪಿನ್ನಿನ ಮೂತಿಗೆ, ಇನ್ನೊಂದನ್ನು ಅದರ ಬುಡದ ಲೋಹಕ್ಕೆ ಹಿಡಿದೆ. ಪೆಡಲ್ ಮುಟ್ಟದಿದ್ದಾಗ ಬೀಪ್ ಎಂದಿತು, ಒತ್ತಿದಾಗ ಸುಮ್ಮನಾಯಿತು. ಫ್ರಿಜ್ ಜಾತಿ, ಗಟ್ಟಿಮುಟ್ಟಾಗಿದೆ. ಪೆಡಲ್ ಪಕ್ಕಕ್ಕಿಟ್ಟು, ನಾಳೆ ಮನೆಗೇ ಬಂದು ನೋಡುತ್ತೇನೆ ಎಂದೆ.

ಹೋಗಿ ಏನನ್ನೂ ಮುಟ್ಟದೆ ಕೂತು ನೋಡಿದೆ. ಅಪ್ಪ ನಿಂತುಕೊಂಡೇ ಬಟನ್ ಒತ್ತಿ ಆನ್ ಮಾಡಿದರು, ಆಮೇಲೆ ಬಗ್ಗಿ ಕೈಯಲ್ಲಿ ಪೆಡಲ್ ಒತ್ತಿ ತೋರಿಸಿದರು. ಸರಿಯಾಗಿತ್ತು. ಆಫ್ ಮಾಡಿಸಿ ಹುಡುಗಿಗೆ ಕೂರು ಅಂದೆ. ಎಂಟು ವರ್ಷದ ಮಗು, ಕಾಲು ನೆಲಕ್ಕೆ ಎಟಕುವುದಿಲ್ಲ, ಅದಕ್ಕೇ ಪೆಡಲನ್ನು ಒಂದು ಮಣೆಯ ಮೇಲೆ ಇಟ್ಟಿದ್ದರು. ಅವಳು ಕುರ್ಚಿ ಹತ್ತಿ, ಬಲಗಾಲನ್ನು ಅಚ್ಚುಕಟ್ಟಾಗಿ ಪೆಡಲ್ ಮೇಲಿಟ್ಟು, ಆ ಕಾಲಿನ ಮೇಲೇ ಭಾರ ಹಾಕಿ ಮುಂದಕ್ಕೆ ಬಾಗಿ, ತುದಿಯಲ್ಲಿದ್ದ ಪವರ್ ಬಟನ್ ಒತ್ತಿದಳು. ಮೂರು ಪೆಡಲಿನ ರಹಸ್ಯ ಅಷ್ಟೇ. ಅಪ್ಪ ತಲೆ ಮೇಲೆ ಕೈಹೊತ್ತು ನಕ್ಕರು. ಮಗಳು ಗಂಭೀರವಾಗಿ ಕೇಳಿದಳು: "ಹಾಗಾದ್ರೆ ಅದು ಕೆಟ್ಟಿರ್ಲಿಲ್ವಾ? ಪಾಪ, ಇನ್ನೆರಡನ್ನ ವಾಪಸ್ ಕಳಿಸಿಬಿಟ್ವಲ್ಲ."

ಒಂದು ಎಚ್ಚರಿಕೆಯ ಮಾತು. ಎಲ್ಲ ಕೀಬೋರ್ಡೂ ಹೀಗೆ ಪತ್ತೆ ಮಾಡುವುದಿಲ್ಲ. ಕೆಲವದರಲ್ಲಿ ಮೆನುವಿನೊಳಗೆ ಪೆಡಲ್ ಪೊಲಾರಿಟಿ, ಅಂದರೆ ಪೆಡಲ್ ಯಾವ ಜಾತಿಯದು ಎಂದು ಹೇಳುವ ಆಯ್ಕೆ ಇರುತ್ತದೆ, ಅಲ್ಲಿ ಬದಲಾಯಿಸಬೇಕು. ಕೆಲವು ಒಂದೇ ಜಾತಿಯನ್ನು ಒಪ್ಪುತ್ತವೆ, ಮಾತುಕತೆಗೆ ಜಾಗವಿಲ್ಲ. ಜೊತೆಗೆ ಬಂದ ಕೈಪಿಡಿಯಲ್ಲಿ ಇದು ಬರೆದಿರುತ್ತದೆ. ಓದುವ ತಾಳ್ಮೆ ಇಲ್ಲವೆಂದರೆ, ಹೊಟ್ಟೆಯ ಕೆಳಗೆ ಪೊಲಾರಿಟಿ ಸ್ವಿಚ್ ಇರುವ ಪೆಡಲ್ ಕೊಳ್ಳಿ. ಎಂ-ಆಡಿಯೊದ ಎಸ್‌ಪಿ-2ರಲ್ಲಿ ಇದು ಇದೆ, ಇನ್ನೂ ಕೆಲವರದರಲ್ಲಿ ಇದೆ. ಉಲ್ಟಾ ಆಯಿತೇ, ಮಗುಚಿ ಸ್ವಿಚ್ಚನ್ನು ಆಚೆ ತಳ್ಳಿ ಮತ್ತೆ ಆನ್ ಮಾಡಿ. ಮೊದಲ ಪೆಡಲ್ ಕೊಳ್ಳುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇಂಥದ್ದನ್ನೇ. ಮುಂದೆ ಕೀಬೋರ್ಡ್ ಬದಲಾಯಿಸಿದರೂ ಪೆಡಲ್ ಜೊತೆಗೆ ಬರುತ್ತದೆ.

ಹಾಗಾದರೆ ಕಡಿಮೆ ಬೆಲೆಯದಕ್ಕೂ ಹೆಚ್ಚು ಬೆಲೆಯದಕ್ಕೂ ವ್ಯತ್ಯಾಸ ಏನು? ತೂಕ, ಸ್ಪ್ರಿಂಗು, ತಳದ ರಬ್ಬರು. ಚಪ್ಪಟೆ ಪ್ಲಾಸ್ಟಿಕ್ಕಿನವು ಹಗುರ. ಎರಡು ಸಾಲು ನುಡಿಸುವಷ್ಟರಲ್ಲಿ ಗೋಡೆ ಸೇರಿರುತ್ತವೆ. ಅವನ್ನು ಹಿಂಬಾಲಿಸುತ್ತ ಮಕ್ಕಳು ಕುರ್ಚಿಯಿಂದ ಅರ್ಧ ಜಾರಿ ಕೂತು ನುಡಿಸುವುದನ್ನು ನೋಡಿದ್ದೇನೆ. ಪಿಯಾನೋ ಪೆಡಲಿನ ಆಕಾರದಲ್ಲಿ ಉದ್ದ ನಾಲಗೆ ಇರುವಂಥವು ಹಿಮ್ಮಡಿ ನೆಲಕ್ಕೆ ಊರಿ ಮುಂಪಾದದಿಂದ ಒತ್ತಲು ಸರಿಹೋಗುತ್ತವೆ; ಪಾಠ ಕಲಿಯುವವರಿಗೆ ಅದೇ ಬೇಕು, ಏಕೆಂದರೆ ಕಾಲಿಗೆ ಮೊದಲು ಬಿದ್ದ ಅಭ್ಯಾಸ ಆಮೇಲೆ ಬಿಡಿಸುವುದು ಕಷ್ಟ. ಈಗಾಗಲೇ ಹಗುರದ್ದು ಕೊಂಡಾಗಿದ್ದರೆ ಎಸೆಯಬೇಡಿ. ಜಾರದ ರಬ್ಬರ್ ಮ್ಯಾಟಿನ ತುಂಡನ್ನು ಕುರ್ಚಿಯ ಮುಂಗಾಲುಗಳ ಕೆಳಗಿಂದ ತಂದು ಅದರ ಮೇಲೆ ಪೆಡಲ್ ಇಡಿ. ನಿಮ್ಮ ತೂಕವೇ ಮ್ಯಾಟನ್ನು ಹಿಡಿದುಕೊಳ್ಳುತ್ತದೆ. ವೈರನ್ನು ಮಾತ್ರ ಕುರ್ಚಿ ಕಾಲಿನ ಕೆಳಗೆ ಬಿಡಬೇಡಿ. ನನ್ನ ಹತ್ತಿರ ಬರುವ, ನಿಜವಾಗಿಯೂ ಕೆಟ್ಟ ಪೆಡಲ್‌ಗಳ ಪೈಕಿ ಹೆಚ್ಚಿನವು ವೈರು ತುಂಡಾದವು, ಅದೂ ಪಿನ್ನಿನ ಕುತ್ತಿಗೆಯ ಹತ್ತಿರ.

"ಹಾಫ್ ಪೆಡಲ್ ಇರೋದೇ ಕೊಡಿಸಿ ಸರ್" ಎನ್ನುವ ಉತ್ಸಾಹಿಗಳಿದ್ದಾರೆ. ಪಿಯಾನೋದಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಡ್ಯಾಂಪರ್ ತಂತಿಯನ್ನು ಸವರಿಯೂ ಸವರದಂತೆ ಇರುತ್ತದೆ, ಸ್ವರ ಮೆಲ್ಲಗೆ ಮಸುಕಾಗುತ್ತದೆ. ಅದನ್ನು ಅನುಕರಿಸುವ ಪೆಡಲ್‌ಗಳಿವೆ. ಯಮಹಾ ಎಫ್‌ಸಿ3ಎ, ರೋಲ್ಯಾಂಡ್ ಡಿಪಿ-10 ಆ ಪೈಕಿ. ಪಿನ್ನು ನೋಡಿದರೆ ಗೊತ್ತಾಗುತ್ತದೆ: ಸಾದಾ ಪೆಡಲಿನ ಪಿನ್ನಿನ ಮೇಲೆ ಒಂದು ಕಪ್ಪು ಗೆರೆ, ಇವುಗಳದರ ಮೇಲೆ ಎರಡು. ವಿದ್ಯುನ್ಮಾನ ವಾದ್ಯಗಳು ಸುದ್ದಿ ಹೇಳಿಕೊಳ್ಳುವ ಮಿಡಿ ಎಂಬ ಭಾಷೆಯಲ್ಲಿ ಸಸ್ಟೇನ್‌ಗೆಂದು ಇರುವುದು 64ನೇ ಕಂಟ್ರೋಲರ್; ಸಾದಾ ಪೆಡಲಿನಿಂದ ಅದರಲ್ಲಿ 0 (ಬಿಟ್ಟಿದೆ) ಇಲ್ಲವೇ 127 (ಒತ್ತಿದೆ) ಅಷ್ಟೇ ಬರುತ್ತದೆ, ಇವುಗಳಿಂದ ನಡುವಿನ ಅಂಕಿಗಳೂ ಬರುತ್ತವೆ. ಆದರೆ ಕೇಳಿಸಿಕೊಳ್ಳುವ ಕಿವಿ ಕೀಬೋರ್ಡಿಗೆ ಇರಬೇಕಲ್ಲ. ಕೈಪಿಡಿಯಲ್ಲಿ ಹಾಫ್ ಪೆಡಲ್ ಎಂಬ ಮಾತೇ ಇಲ್ಲದಿದ್ದರೆ 63ರ ತನಕ ಆಫ್, 64ರಿಂದ ಆನ್, ಮಧ್ಯೆ ಏನೂ ಇಲ್ಲ. ಕೆಲವೊಮ್ಮೆ ಸಾದಾ ಸಾಕೆಟ್ಟಿನಲ್ಲಿ ಅವು ಕೆಲಸವನ್ನೇ ಮಾಡುವುದಿಲ್ಲ. ಆ ದುಡ್ಡಲ್ಲಿ ಎತ್ತರ ಸರಿಯಾಗಿರುವ ಒಂದು ಸ್ಟೂಲ್ ಕೊಳ್ಳಿ, ಬೆನ್ನಿಗಾದರೂ ಒಳ್ಳೆಯದಾಗುತ್ತದೆ.

ಇನ್ನು ಪೆಡಲ್ ಮೇಲೆ ಸುಮ್ಮನೆ ಹೊರಿಸುವ ಅಪವಾದಗಳು. "ಪೆಡಲ್ ಹಾಕಿದ್ದೇ ಕೀಬೋರ್ಡ್ ಮೂಕವಾಯ್ತು" ಎಂದರೆ ನೀವು ಅದನ್ನು ಹೆಡ್‌ಫೋನ್ ತೂತಿಗೆ ಚುಚ್ಚಿದ್ದೀರಿ. ಎಷ್ಟೋ ಮಾಡೆಲ್‌ಗಳಲ್ಲಿ ಎರಡಕ್ಕೂ ಒಂದೇ ಗಾತ್ರ. ಬೇಗ ತೆಗೆಯಿರಿ, ಹೆಡ್‌ಫೋನ್ ಸರ್ಕ್ಯೂಟಿಗೆ ಅದು ಹಿತವಲ್ಲ. "ಹಿಂದಿನ ಸ್ವರಗಳು ಮಾಯವಾಗುತ್ತವೆ" ಎಂದರೆ ಕೀಬೋರ್ಡಿನ ಪಾಲಿಫನಿ, ಅಂದರೆ ಒಟ್ಟಿಗೆ ನುಡಿಸಬಲ್ಲ ಸ್ವರಗಳ ಲೆಕ್ಕ, ತೀರಿದೆ. 32 ಸ್ವರ ಹಿಡಿದಿಡುವ ಯಂತ್ರದಲ್ಲಿ ಕಾಲು ಎತ್ತದೆ ನುಡಿಸುತ್ತಾ ಹೋದರೆ ಹಳೆಯ ಸ್ವರವನ್ನು ಬಿಟ್ಟೇ ಹೊಸದಕ್ಕೆ ಜಾಗ ಕೊಡಬೇಕು. ಆರ್ಗನ್ ಧ್ವನಿ ಇಟ್ಟುಕೊಂಡು ಪೆಡಲ್ ಒತ್ತಿದರೆ ಸ್ವರ ನಿಲ್ಲುವುದೇ ಇಲ್ಲ, ಅದು ಆರ್ಗನ್ನಿನ ಗುಣ. ಪ್ಯಾನೆಲ್ ಮೇಲೆ ಸಸ್ಟೇನ್ ಎಂಬ ಬಟನ್ ಇದೆ, ಪೆಡಲ್ ಯಾಕೆ ಬೇಕು ಎನ್ನುವವರಿಗೆ: ಆ ಬಟನ್ ಎಲ್ಲ ಸ್ವರಕ್ಕೂ ಒಂದೇ ಅಳತೆಯ ಬಾಲ ಅಂಟಿಸುತ್ತದೆ, ಎಲ್ಲಿ ಎಳೆಯಬೇಕು ಎಲ್ಲಿ ಬಿಡಬೇಕು ಎಂದು ಅದಕ್ಕೇನು ಗೊತ್ತು.

ಒಬ್ಬರು ಹೊಲಿಗೆ ಯಂತ್ರದ ಮೋಟರ್ ಪೆಡಲಿಗೆ ಪಿನ್ ಹಾಕಿಕೊಡುತ್ತೀರಾ ಎಂದು ಕೇಳಿದ್ದರು. ಅವರ ಜಾಣತನ ಮೆಚ್ಚಿದೆ, ಪೆಡಲ್ ಮುಟ್ಟಲಿಲ್ಲ. ಅದು ಗೋಡೆಯ ಕರೆಂಟಿಗೆಂದು ಮಾಡಿದ್ದು, ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವುದಕ್ಕೆ. ಕೀಬೋರ್ಡಿನ ಹತ್ತಿರಕ್ಕೂ ತರಬೇಡಿ. ಸ್ವಲ್ಪ ಬೆಸುಗೆ ಬರುವವರು ಸಾದಾ ಬೆಲ್ ಗುಂಡಿಯಿಂದ ಪೆಡಲ್ ಮಾಡಿಕೊಂಡರೆ ನನ್ನ ತಕರಾರಿಲ್ಲ, ಕೆಲಸ ಮಾಡುತ್ತದೆ, ಕಾಲಿಗೆ ಸುಖವಿರುವುದಿಲ್ಲ.

ಹೋದ ವಾರ ಪಾಠದ ಹೊತ್ತಿಗೆ ಕರೆಂಟು ಹೋಗಿ ಬಂತು. ಆರು ಮಕ್ಕಳು ಕೂತಿದ್ದರು. ನಾನು ಮಾತಾಡುತ್ತಲೇ ಕೀಬೋರ್ಡ್ ಮತ್ತೆ ಆನ್ ಮಾಡಿ ನುಡಿಸಲು ಶುರು ಮಾಡಿದೆ. ಸ್ವರವೆಲ್ಲ ಕಲಸಿಕೊಂಡು ಗಂಜಿಯಾಯಿತು. ಪೆಡಲ್ ಬಿಟ್ಟೆ, ಇನ್ನೂ ಜಾಸ್ತಿ. ಬಗ್ಗಿ ವೈರು ಅಲ್ಲಾಡಿಸಿದೆ, ಪಿನ್ನು ತಿರುವಿದೆ, ಸಾಕೆಟ್ ಸಡಿಲವಾಗಿರಬೇಕು ಎಂದು ಗೊಣಗಿದೆ. ಹಿಂದಿನ ಸಾಲಿನಿಂದ ಅದೇ ಹುಡುಗಿ, ಈಗ ಒಂಬತ್ತು ತುಂಬಿದೆ, ಮೆಲ್ಲಗೆ ಅಂದಳು: "ಸರ್, ಕಾಲು."