ಒಂದು ಕ್ವಾರ್ಟರ್ ಅಂದ್ರೆ ಎಷ್ಟು ಡ್ರಿಂಕ್? ಓಪಿಡಿಯಲ್ಲಿ ಕುಡಿತದ ಸ್ಕ್ರೀನಿಂಗ್, ನನ್ನ ಟಿಪ್ಪಣಿ

ನಾನು ವಾಸ್ಕೋದ ಬೈನಾದಲ್ಲಿ ಬೆಳೆದವಳು. ಅಪ್ಪ ಅಮ್ಮ ಗದಗ ಕಡೆಯವರು. ನರ್ಸಿಂಗ್ ಪಾಠ ಇಂಗ್ಲಿಷಿನಲ್ಲಿ ಆಯಿತು, ಆದರೆ ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕೊಂಕಣಿ, ಹಿಂದಿ, ನಮ್ಮ ಕಡೆಯ ಕನ್ನಡ ಮೂರೂ ಬೇಕು. ಪುಸ್ತಕದ ಪ್ರಶ್ನೆಯನ್ನು ಹಾಗೇ ಕನ್ನಡಕ್ಕೆ ತಿರುಗಿಸಿ ಕೇಳಿ ಎಡವಿದ್ದೇನೆ. ನೀವು ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸ್ಕ್ರೀನಿಂಗ್ ಅಂದರೆ ಕುಡುಕರನ್ನು ಹಿಡಿಯುವುದಲ್ಲ. ಬೆಳಿಗ್ಗೆಯೇ ವಾಸನೆ ಹೊಡೆಯುತ್ತಾ ಬರುವವರನ್ನು ಗುರುತಿಸೋಕೆ ಯಾವ ಫಾರ್ಮೂ ಬೇಡ. ನಮಗೆ ಬೇಕಾದವರು ನಡುವಿನವರು. ಕೆಲಸಕ್ಕೆ ಹೋಗುತ್ತಾರೆ, ಸಂಸಾರ ನಡೆಸುತ್ತಾರೆ, ಬಿಪಿ ಮಾತ್ರೆಗೋ ಹೊಟ್ಟೆ ಉರಿಗೋ ಬರುತ್ತಾರೆ. ಕುಡಿತದ ವಿಷಯ ಅವರ ಬಾಯಲ್ಲೂ ಬರುವುದಿಲ್ಲ, ನಮ್ಮ ಬಾಯಲ್ಲೂ ಬರುವುದಿಲ್ಲ. ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದರೆ ಡೋಸ್ ಏರಿಸುವ ಮುಂಚೆ ಈ ಪ್ರಶ್ನೆ ಕೇಳಬೇಕು ಅಲ್ವಾ? ಎಷ್ಟು ಸಲ ಕೇಳುತ್ತೇವೆ?

2019ರ ಕೇಂದ್ರ ಸರ್ಕಾರದ ವರದಿಯ ಪ್ರಕಾರ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ 14.6 ಶೇಕಡಾ ಜನ ಮದ್ಯ ಸೇವಿಸುತ್ತಾರೆ, ಅಂದರೆ ಸುಮಾರು 16 ಕೋಟಿ. ಗೋವಾದಲ್ಲಿ ಈ ಪ್ರಮಾಣ 28 ಶೇಕಡಾ.

ಈಗ ಆಡಿಟ್ (AUDIT). ಇದು ಕುಡಿತದ ಸ್ಕ್ರೀನಿಂಗಿಗೆ ವಿಶ್ವ ಆರೋಗ್ಯ ಸಂಸ್ಥೆಯ 10 ಪ್ರಶ್ನೆಗಳ ಫಾರ್ಮ್. ಒಟ್ಟು 40 ಅಂಕ. ಮೊದಲ ಮೂರು ಪ್ರಶ್ನೆ ಎಷ್ಟು ಕುಡಿಯುತ್ತೀರಿ ಅನ್ನುವುದರ ಬಗ್ಗೆ, 4ರಿಂದ 6 ಚಟದ ಬಗ್ಗೆ, 7ರಿಂದ 10 ಆಗಿರುವ ತೊಂದರೆಯ ಬಗ್ಗೆ. ಮೊದಲ ಮೂರನ್ನು ಮಾತ್ರ ಕೇಳಿದರೆ ಅದು ಆಡಿಟ್-ಸಿ, ಒಟ್ಟು 12 ಅಂಕ. ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಪೂರ್ತಿ ಫಾರ್ಮ್ ತೆಗೆಯಿರಿ. ಓಪಿಡಿ ಸಾಲು ಹೊರಗಿನ ಗೇಟ್ ಮುಟ್ಟಿರುವಾಗ ಹತ್ತೂ ಪ್ರಶ್ನೆ ಎಲ್ಲರಿಗೂ ಕೇಳೋಕೆ ಆಗಲ್ಲ. ಮೂರು ಕೇಳಬಹುದು.

ನಾನು ಎಡವಿದ್ದು ಎರಡನೇ ಪ್ರಶ್ನೆಯಲ್ಲಿ. ಕುಡಿಯುವ ದಿನ ಎಷ್ಟು ಡ್ರಿಂಕ್ ಕುಡಿಯುತ್ತೀರಿ? ಪುಸ್ತಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ಈ ಫಾರ್ಮ್ ತಯಾರಾದದ್ದು ಆಸ್ಟ್ರೇಲಿಯಾ, ಬಲ್ಗೇರಿಯಾ, ಕೀನ್ಯಾ, ಮೆಕ್ಸಿಕೋ, ನಾರ್ವೆ, ಅಮೆರಿಕ, ಹೀಗೆ ಆರು ದೇಶದ ರೋಗಿಗಳ ಮೇಲೆ. ಅದರಲ್ಲಿ ನಮ್ಮ ಕ್ವಾರ್ಟರ್ ಎಲ್ಲಿಂದ ಬರಬೇಕು! ನಮ್ಮವರು ಡ್ರಿಂಕ್ ಲೆಕ್ಕ ಇಡುವುದಿಲ್ಲ. ನೈಂಟಿ, ಕ್ವಾರ್ಟರ್, ಒಂದು ಬಾಟ್ಲಿ ಬಿಯರ್, ಅಷ್ಟೇ.

ಲೆಕ್ಕ ಕಷ್ಟದ್ದೇನಲ್ಲ. ಎಷ್ಟು ಎಂಎಲ್, ಅದರಲ್ಲಿ ಶೇಕಡಾ ಎಷ್ಟು ಆಲ್ಕೋಹಾಲ್, ಅದನ್ನು 0.79ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ವಿಸ್ಕಿ, ರಮ್ಮು, ಫೆನಿ ಸಾಮಾನ್ಯವಾಗಿ 42.8 ಶೇಕಡಾ. ಹಾಗಾಗಿ 30 ಎಂಎಲ್ ಪೆಗ್ ಹೆಚ್ಚುಕಡಿಮೆ ಒಂದು ಡ್ರಿಂಕ್. ನೈಂಟಿ ಅಂದರೆ 90 ಎಂಎಲ್, ಮೂರು ಡ್ರಿಂಕ್. ಕ್ವಾರ್ಟರ್ ಅಂದರೆ 180 ಎಂಎಲ್, ಆರು ಡ್ರಿಂಕ್. 8 ಶೇಕಡಾದ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟ್ಲಿ ಒಂದೇ ನಾಲ್ಕು ಡ್ರಿಂಕ್ ಆಗುತ್ತದೆ. 'ಬಿಯರ್ ಅಷ್ಟೇ ಸಿಸ್ಟರ್' ಅನ್ನುವವರಿಗೆ ಇದನ್ನು ಹೇಳಿ ನೋಡಿ, ಮುಖ ಬದಲಾಗುತ್ತದೆ. ಬೇಸಿಗೆಯಲ್ಲಿ ಉರಾಕ್ ಬರುತ್ತದಲ್ಲ, ಗೋಡಂಬಿ ಹಣ್ಣಿನ ಮೊದಲ ಬಟ್ಟಿಯದು, ಅದು ಸುಮಾರು 15 ಶೇಕಡಾ. ಅದೇ 180 ಎಂಎಲ್ ಲೋಟ ಉರಾಕ್ ಆದರೆ ಎರಡು ಡ್ರಿಂಕ್, ಫೆನಿ ಆದರೆ ಆರು. ಹಾಗಾಗಿ ಲೋಟ ಎಷ್ಟು ದೊಡ್ಡದು ಅಂತ ಮಾತ್ರ ಅಲ್ಲ, ಒಳಗೆ ಏನಿತ್ತು ಅಂತಲೂ ಕೇಳಬೇಕು.

ಒಂದು ಉದಾಹರಣೆ ಮಾಡಿಕೊಳ್ಳೋಣ. ಒಬ್ಬ ಗೌಂಡಿ, ವಯಸ್ಸು ನಲವತ್ತು, ಬಿಪಿ ಇದೆ.

'ಅಣ್ಣಾ, ವಾರದಾಗ ಎಷ್ಟ ದಿನ ತಗೋತೀರಿ?'

'ಶನಿವಾರ, ರವಿವಾರ ಅಷ್ಟರೀ. ಅದೂ ಒಂದs.'

ಇಲ್ಲಿ ನೀವು 'ಒಂದು' ಅಂತ ಬರೆದುಕೊಂಡರೆ ಏನಾಗುತ್ತದೆ ನೋಡಿ. ವಾರಕ್ಕೆ ಎರಡು ದಿನ, 3 ಅಂಕ. ಒಂದು ಡ್ರಿಂಕ್, ಸೊನ್ನೆ. ಮೂರನೇ ಪ್ರಶ್ನೆ, ಒಮ್ಮೆಗೇ ಆರು ಡ್ರಿಂಕ್ ಅಥವಾ ಜಾಸ್ತಿ ಕುಡಿದಿದ್ದು ಇಲ್ಲ, ಸೊನ್ನೆ. ಒಟ್ಟು 3. ಗಂಡಸು, 4ರ ಒಳಗೆ, ಮುಂದಿನವರು ಬನ್ನಿ. ಈಗ 'ಒಂದು ಅಂದ್ರ ಒಂದು ಏನ್ರೀ?' ಅಂತ ಇನ್ನೊಂದು ಮಾತು ಕೇಳಿ. 'ಕ್ವಾಟರ್ ರೀ.' ಈಗ ಮೊದಲ ಪ್ರಶ್ನೆಗೆ 3, ಆರು ಡ್ರಿಂಕಿಗೆ 2, ಅದು ವಾರವಾರವೂ ಆಗುತ್ತಿರುವುದಕ್ಕೆ 3. ಒಟ್ಟು 8. ಅದೇ ಮನುಷ್ಯ, ಅದೇ ಉತ್ತರ! ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಲ್ಲ, ಆದರೆ ಇಡೀ ಪಾಠದಲ್ಲಿ ಮುಖ್ಯವಾದದ್ದು ನನ್ನ ಲೆಕ್ಕದಲ್ಲಿ ಇದೇ.

ಪೂರ್ತಿ ಆಡಿಟ್ ಮುಂದುವರಿಸಿದರೆ, ಕಳೆದ ಹನ್ನೆರಡು ತಿಂಗಳೊಳಗೆ ಕುಡಿದು ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದಾನೆ, 4. ಹೆಂಡತಿ ಕಡಿಮೆ ಮಾಡು ಅಂತ ಈ ವರ್ಷ ಹೇಳಿದ್ದಾಳೆ, 4. ಉಳಿದದ್ದೆಲ್ಲ ಸೊನ್ನೆ. ಒಟ್ಟು 16. ಕೊನೆಯ ಆ ಎರಡು ಪ್ರಶ್ನೆಗಳಿಗೆ 0, 2, 4 ಮಾತ್ರ, ನಡುವೆ 1, 3 ಇಲ್ಲ, ವೈವಾದಲ್ಲಿ (ಬಾಯಿ ಪರೀಕ್ಷೆಯಲ್ಲಿ) ಇದನ್ನು ಕೇಳುತ್ತಾರೆ.

7ರವರೆಗೆ ತಿಳಿವಳಿಕೆ ಹೇಳಿದರೆ ಸಾಕು. 8ರಿಂದ 15 ಬಂದರೆ ಕಡಿಮೆ ಮಾಡುವ ಸಲಹೆ. 16ರಿಂದ 19 ಬಂದರೆ ಸಲಹೆಯ ಜೊತೆ ಕೂತು ಮಾತಾಡಬೇಕು, ಮತ್ತೆ ಕರೆಸಿ ನೋಡಬೇಕು. 20 ಅಥವಾ ಜಾಸ್ತಿ ಬಂದರೆ ತಜ್ಞರ ಹತ್ತಿರ ಕಳಿಸಿ.

'ಮಾತಾಡಿದರೆ ಬಿಡ್ತಾರಾ?' ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಗೋವಾದಲ್ಲೇ ಇದೆ. ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಂಗಾತ್ ಸಂಸ್ಥೆಯವರು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಡಿಟ್ ಅಂಕ 12ರಿಂದ 19 ಇದ್ದ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದರು. ಮಾತಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಸಲ ಭೇಟಿ. 2017ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳ ನಂತರ ಸಮಾಲೋಚನೆ ಸಿಕ್ಕವರಲ್ಲಿ 36 ಶೇಕಡಾ ಜನರ ಅಂಕ 8ರ ಕೆಳಗೆ ಇಳಿದಿತ್ತು, ಸಿಗದವರಲ್ಲಿ 26. ಪವಾಡವೇನಲ್ಲ. ಕುಡಿಯುವುದನ್ನು ಮುಂದುವರಿಸಿದವರು ಕುಡಿಯುವ ಪ್ರಮಾಣದಲ್ಲಿ ವ್ಯತ್ಯಾಸವೂ ಕಾಣಲಿಲ್ಲ. ಆದರೂ ನಾಲ್ಕು ಭೇಟಿಗೆ ಇಷ್ಟಾದರೆ ನನಗೆ ಸಾಕು.

ಕೇಜ್ (CAGE) ಅನ್ನುವ ಇನ್ನೊಂದು ಚಿಕ್ಕ ಫಾರ್ಮ್ ಬಗ್ಗೆ ಎರಡೇ ಮಾತು. ನಾಲ್ಕು ಪ್ರಶ್ನೆ: ಕಡಿಮೆ ಮಾಡಬೇಕು ಅನಿಸಿದೆಯಾ, ಕುಡಿತದ ಬಗ್ಗೆ ಬೇರೆಯವರು ಏನಾದರೂ ಅಂದರೆ ಸಿಟ್ಟು ಬರುತ್ತದಾ, ತಪ್ಪು ಮಾಡಿದೆ ಅನಿಸಿದೆಯಾ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದಾ. ಎರಡಕ್ಕೆ ಹೌದು ಅಂದರೆ ಅನುಮಾನ ಪಡಬೇಕು. ನೆನಪಿಡೋಕೆ ಸುಲಭ, ಆದರೆ ಚಟ ಅಂಟಿದವರನ್ನು ಹಿಡಿಯುವಷ್ಟು ಚೆನ್ನಾಗಿ ನಡುವಿನವರನ್ನು ಹಿಡಿಯಲ್ಲ. ನಮ್ಮ ಗೌಂಡಿ ಇದರಲ್ಲಿ ತಪ್ಪಿಸಿಕೊಳ್ಳಬಹುದು.

ಮದ್ಯದ ಜೊತೆ ಬೇರೆ ನಶೆಯನ್ನೂ ಕೇಳೋಕೆ ಅಸಿಸ್ಟ್ (ASSIST) ಫಾರ್ಮ್ ಇದೆ, ಇದೂ ವಿಶ್ವ ಆರೋಗ್ಯ ಸಂಸ್ಥೆಯದೇ. ಎಂಟು ಪ್ರಶ್ನೆ, ತಂಬಾಕಿನಿಂದ ಹಿಡಿದು ಗಾಂಜಾ, ನಿದ್ದೆ ಮಾತ್ರೆ, ಮೂಸುವ ಸೊಲ್ಯೂಶನ್‌ವರೆಗೆ ಒಂದೊಂದಕ್ಕೂ ಬೇರೆ ಅಂಕ. ಮದ್ಯಕ್ಕೆ 11ರಿಂದ, ಉಳಿದದ್ದಕ್ಕೆ 4ರಿಂದ ಮಧ್ಯಮ ಅಪಾಯ. 27 ಮುಟ್ಟಿದರೆ ಎಲ್ಲದಕ್ಕೂ ಜಾಸ್ತಿ ಅಪಾಯ. 'ಡ್ರಗ್ಸ್ ತಗೋತೀರಾ' ಅಂದರೆ ಯಾರೂ ಹೌದು ಅನ್ನಲ್ಲ. ಒಂದೊಂದೇ ಹೆಸರು ಹೇಳಿ ಕೇಳಿ. ನಿದ್ದೆ ಮಾತ್ರೆ, ಕೆಮ್ಮಿನ ಸಿರಪ್ಪು ಮೆಡಿಕಲ್‌ನಲ್ಲಿ ಸಿಗುವುದರಿಂದ ಅದು ನಶೆ ಅಂತ ಅವರ ಲೆಕ್ಕದಲ್ಲೇ ಇರುವುದಿಲ್ಲ.

ನನ್ನ ದೊಡ್ಡ ತಪ್ಪು ಪ್ರಶ್ನೆಯಲ್ಲೂ ಇರಲಿಲ್ಲ, ಲೆಕ್ಕದಲ್ಲೂ ಇರಲಿಲ್ಲ. ಪೋಸ್ಟಿಂಗಿನಲ್ಲಿ ಒಬ್ಬ ಕಾಕಾನಿಗೆ ಹೆಂಡತಿ ಪಕ್ಕದಲ್ಲೇ ಕೂತಿರುವಾಗ ಕೇಳಿಬಿಟ್ಟೆ. ಅವರು 'ಇಲ್ಲವಾ' ಅಂದರು. ಕಾಕೂ ಏನೂ ಅನ್ನಲಿಲ್ಲ, ನನ್ನನ್ನೇ ನೋಡಿದರು. ಆಮೇಲೆ ಅವರಿಬ್ಬರೂ ಆ ಕೇಂದ್ರಕ್ಕೆ ಬರಲಿಲ್ಲ. ಈಗ ತೂಕ ನೋಡುವ ನೆಪದಲ್ಲಿ ಒಬ್ಬರನ್ನೇ ಒಳಗೆ ಕರೆದು ಕೇಳುತ್ತೇನೆ. 'ಬಿಪಿ ಇದ್ದವರಿಗೆಲ್ಲ ಇದನ್ನ ಕೇಳ್ತೀನಿ, ನಿಮಗಷ್ಟೇ ಅಲ್ಲ' ಅಂತ ಶುರು ಮಾಡುತ್ತೇನೆ. ಹೆಂಗಸರಿಗೂ ಕೇಳಬೇಕು, ಮುಜುಗರ ನಮ್ಮದೇ ಜಾಸ್ತಿ.

ಕೊನೆಗೆ ಇದನ್ನು ಮರೆಯಬೇಡಿ. ಆಡಿಟ್‌ನಲ್ಲಿ 20 ಅಥವಾ ಜಾಸ್ತಿ ಬಂದವರಿಗೆ, ದಿನಾ ಬೆಳಿಗ್ಗೆಯಿಂದ ಕುಡಿಯುವವರಿಗೆ 'ಇವತ್ತೇ ಬಿಟ್ಟುಬಿಡಿ' ಅಂತ ಹೇಳಿ ಮನೆಗೆ ಕಳಿಸಬಾರದು. ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ದಿನ ಕಳೆದ ಮೇಲೆ ಇಲ್ಲದ್ದನ್ನು ಕಂಡು ಕೂಗಾಡುವ ಸ್ಥಿತಿಗೂ ಹೋಗಬಹುದು, ಅದರಿಂದ ಜೀವ ಹೋಗುವುದೂ ಉಂಟು. ಅಂಥವರನ್ನು ಡಾಕ್ಟರಿಗೆ ತೋರಿಸಿ ಬಾಂಬೋಳಿಯ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕಳಿಸಬೇಕು. ಫೋನಿನಲ್ಲಿ ಕೇಳುವವರಿಗೆ ವ್ಯಸನ ಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಬರೆದುಕೊಡಿ. ಕೇಸ್ ಪೇಪರಿನಲ್ಲಿ ಅಂಕ ಬರೆಯಿರಿ, 'ಆಲ್ಕೋಹಾಲಿಕ್' ಅಂತ ಬರೆಯಬೇಡಿ, ಆ ಪೇಪರ್ ಅವರ ಕೈಯಲ್ಲೇ ಮನೆಗೆ ಹೋಗುತ್ತದೆ.